ರಾತ್ರಿ ಎಚ್ಚರ, ಹಗಲು ನಿದ್ದೆ: ಸ್ಕಿಜೋಫ್ರೇನಿಯಾ ಇರುವವರ ಮನೆಗೊಂದು ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯಲ್ಲಿ ಮನೆಭೇಟಿ ಮಾಡುವ ನನ್ನಂಥವರ ಕಿವಿಗೆ ಮೊದಲು ಬೀಳುವ ದೂರು ನಿದ್ದೆಯದು. ಸಂಶಯ, ಯಾರೂ ಇಲ್ಲದಾಗ ಕೇಳುವ ದನಿ, ಇವೆಲ್ಲ ಆಮೇಲೆ. "ರಾತ್ರಿ ಎಲ್ಲಾ ಅಂಗಳದಾಗ ತಿರಗ್ತಾನ್ರಿ, ತಾನೂ ಮಲಗಂಗಿಲ್ಲ, ನಮ್ಮನ್ನೂ ಮಲಗಗೊಡಂಗಿಲ್ಲ" ಎಂದು ಅವ್ವ ಹೇಳುತ್ತಾಳೆ. "ಹನ್ನೊಂದು ಹೊಡದ್ರೂ ಹಾಸಿಗಿ ಬಿಡಂಗಿಲ್ಲ" ಎಂದು ಅಣ್ಣ. ಇಬ್ಬರೂ ಕೇಳುವುದು ಒಂದನ್ನೇ: ಡಾಕ್ಟರಿಗೆ ಹೇಳಿ ಒಂದು ನಿದ್ದಿ ಗುಳಿಗಿ ಬರೆಸಿಕೊಡ್ರಿ.

ಆ ಗುಳಿಗೆ ಕೆಲವೊಮ್ಮೆ ಬೇಕಾಗುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಸ್ಕಿಜೋಫ್ರೇನಿಯಾ ಇರುವವರ ನಿದ್ದೆ ಕೆಡಲು ಕಾಯಿಲೆಯೊಂದೇ ಕಾರಣವಾಗಿರುವುದು ಅಪರೂಪ. ಗುಳಿಗೆ ನುಂಗುವ ಹೊತ್ತು, ಬೀಡಿ, ಚಹಾ, ಕೆಲಸವಿಲ್ಲದ ಹಗಲು, ಕತ್ತಲಾದ ಮೇಲಿನ ಅಂಜಿಕೆ, ಗೊರಕೆ ಎಲ್ಲ ಕೂಡಿಕೊಂಡಿರುತ್ತವೆ. ಯಾವುದು ಎಷ್ಟು ಎಂದು ನೋಡದೆ ಮೇಲೊಂದು ಗುಳಿಗೆ ಸೇರಿಸಿದರೆ ಮರುದಿನದ ಮಂಪರು ಮಾತ್ರ ಹೆಚ್ಚುತ್ತದೆ. ಮನೆಯವರ ಕೈಯಲ್ಲಿ ನಿಜವಾಗಿ ಇರುವ ಹಿಡಿಕೆ ಬೆಳಿಗ್ಗೆ ಏಳುವ ಹೊತ್ತು. ಉಳಿದದ್ದನ್ನು ಬರೆದಿಟ್ಟುಕೊಂಡು ಡಾಕ್ಟರ ಮುಂದೆ ಇಡಬೇಕು. ಈ ಬರಹದ ಹುರುಳು ಇಷ್ಟೇ, ಹೇಗೆ ಎನ್ನುವುದು ಮುಂದಿದೆ.

ಓದುತ್ತಿರುವ ನಿಮಗೇ ಈ ಕಾಯಿಲೆ ಇದ್ದರೆ, "ಅವನು", "ಅವಳು" ಎಂದು ಬರೆದಲ್ಲೆಲ್ಲ "ನಾನು" ಎಂದು ಓದಿಕೊಳ್ಳಿ. ಇಲ್ಲಿ ಹೇಳಿದ ಹೆಚ್ಚಿನ ಕೆಲಸಗಳನ್ನು ನೀವೇ ಮಾಡಬಲ್ಲಿರಿ.

ಹೆಜ್ಜೆ 1: ಕಾಯಬಾರದ ರಾತ್ರಿ ಯಾವುದು ಎಂದು ತಿಳಿದುಕೊಳ್ಳಿ

ಇಷ್ಟು ದಿನ ಸರಿಯಾಗಿ ಮಲಗುತ್ತಿದ್ದವರ ನಿದ್ದೆ ಎರಡು ಮೂರು ರಾತ್ರಿಗಳಲ್ಲಿ ಹಠಾತ್ತನೆ ಇಳಿದರೆ ಅದು ಕಾಯಿಲೆ ಮರುಕಳಿಸುವ ಮುನ್ಸೂಚನೆ ಇರಬಹುದು. ಎಷ್ಟೋ ಜನರಲ್ಲಿ ದನಿಗಳು ಜೋರಾಗುವುದಕ್ಕೂ ಸಂಶಯ ಹೆಚ್ಚುವುದಕ್ಕೂ ಮೊದಲು ಕೆಡುವುದು ನಿದ್ದೆಯೇ. ಜೊತೆಗೆ ಒಬ್ಬರೇ ಗೊಣಗುವುದು, ಊಟದಲ್ಲಿ ಏನೋ ಹಾಕಿದ್ದಾರೆ ಎಂದು ತಾಟು ಸರಿಸುವುದು, ಬಾಗಿಲ ಚಿಲಕ ಮತ್ತೆ ಮತ್ತೆ ನೋಡುವುದು, ಗುಳಿಗೆ ಬೇಡ ಎನ್ನುವುದು ಕಂಡರೆ ಮುಂದಿನ ತಿಂಗಳ ಭೇಟಿಯವರೆಗೆ ಕಾಯಬೇಡಿ. ಆ ವಾರವೇ ಡಾಕ್ಟರನ್ನು ಕಾಣಿ. ಮೊದಲ ಪ್ರಶ್ನೆ ಒಂದೇ: ಗುಳಿಗೆ ತಪ್ಪಿದೆಯೇ? ಸೂಜಿ ತೆಗೆದುಕೊಳ್ಳುವವರಾದರೆ ತಾರೀಖು ದಾಟಿದೆಯೇ?

ಸಾಯುವ ಮಾತಾಡಿದರೆ, "ಹಿಂಗ ಮಾಡು" ಎಂದು ದನಿಗಳು ಅಪ್ಪಣೆ ಕೊಡುತ್ತಿವೆ ಎಂದರೆ, ಯಾರನ್ನಾದರೂ ಹೊಡೆಯುವ ಸ್ಥಿತಿ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಒಬ್ಬರನ್ನೇ ಬಿಡಬೇಡಿ. ಬೆಳೆಗೆ ಹೊಡೆಯುವ ಕೀಟನಾಶಕ, ಕುಡಗೋಲು, ಮನೆಯಲ್ಲಿ ಉಳಿದ ಹಳೆಯ ಗುಳಿಗೆ ಎಲ್ಲವನ್ನೂ ಕೈಗೆ ಸಿಗದಂತೆ ಎತ್ತಿಡಿ. ಜ್ವರ ಬಂದು, ಮೈ ಕಟ್ಟಿಗೆಯಂತೆ ಸೆಟೆದು, ಬೆವರು ಸುರಿದು, ಮಾತು ತಡವರಿಸಿದರೆ ಅದು ಕಾಯಿಲೆಯ ಗುಳಿಗೆಯಿಂದಲೇ ಅಪರೂಪಕ್ಕೆ ಆಗುವ ಅಪಾಯ. 108ಕ್ಕೆ ಕರೆ ಮಾಡಿ, ಡಾಕ್ಟರು ನೋಡುವ ತನಕ ಮುಂದಿನ ಗುಳಿಗೆ ಕೊಡಬೇಡಿ. ಈ ಕಾಯಿಲೆಯ ಗುಳಿಗೆಗಳಲ್ಲೊಂದಾದ ಕ್ಲೋಜಪೈನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅದೇ ದಿನ ರಕ್ತ ಪರೀಕ್ಷೆ ಆಗಬೇಕು.

ಇವ್ಯಾವೂ ಇಲ್ಲ, ತಿಂಗಳುಗಳಿಂದ ಹೀಗೇ ನಡೆದಿದೆ ಎಂದಾದರೆ ಎರಡು ವಾರ ತಾಳಿ, ಆ ಎರಡು ವಾರದಲ್ಲಿ ಮುಂದಿನ ಹೆಜ್ಜೆ ಇಡಿ.

ಹೆಜ್ಜೆ 2: ಹಾಲಿನ ಲೆಕ್ಕದ ಜೊತೆ ನಿದ್ದೆಯ ಲೆಕ್ಕ

ನಮ್ಮ ಕಡೆ ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲೂ ಹಾಲಿನ ಲೆಕ್ಕ ಇರುತ್ತದೆ. ಅದೇ ಚೌಕದ ಕೆಳಗೆ ನಿದ್ದೆಯನ್ನೂ ಬರೆಯಿರಿ, ಬೇರೆ ನೋಟ್‌ಬುಕ್ ಬೇಡ. ಬೇರೆ ನೋಟ್‌ಬುಕ್ ನಾಲ್ಕು ದಿನಕ್ಕೆ ಕಳೆದುಹೋಗುತ್ತದೆ, ಕ್ಯಾಲೆಂಡರ್ ಎಲ್ಲಿಗೂ ಹೋಗುವುದಿಲ್ಲ.

ಗುಳಿಗೆ ಎಷ್ಟಕ್ಕೆ, ದೀಪ ಆರಿಸಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಹಗಲು ಮಲಗಿದ್ದು ಎಷ್ಟು ಹೊತ್ತು. ಉದಾಹರಣೆಗೆ "ಗು 10, ಮ 11, ಏ 10½, ಹ 2". ನಡುರಾತ್ರಿ ಎದ್ದು ತಿರುಗಾಡಿದ್ದರೆ ಒಂದು ಅಡ್ಡಗೆರೆ. ಆ ದಿನ ಜಗಳ, ಜಾತ್ರೆ, ಕುಡಿತ, ಸೂಜಿ, ತಿಂಗಳ ಮುಟ್ಟು ಏನಾದರೂ ಇದ್ದರೆ ಒಂದೇ ಶಬ್ದ. ಬರೆಯುವುದು ಆದಷ್ಟು ಅವನದೇ ಕೈಯಾಗಲಿ. ಸಂಶಯ ಹೆಚ್ಚಿರುವವರಿಗೆ "ನನ್ನ ಮ್ಯಾಲ ಕಣ್ಣಿಟ್ಟು ಬರೀತಾರ" ಎನಿಸಬಹುದು, ಆದ್ದರಿಂದ ಕದ್ದು ಬರೆಯಬೇಡಿ. ಯಾಕೆ ಬರೆಯುತ್ತಿದ್ದೀರಿ ಎಂದು ಹೇಳಿ, ತೋರಿಸಿ.

ಎರಡು ವಾರ ಕಳೆದ ಮೇಲೆ ಆ ಹಾಳೆಯನ್ನೇ ನೋಡಿದರೆ ತೊಂದರೆಯ ಮುಖ ಕಾಣುತ್ತದೆ. ಮಲಗಿದ ಮೇಲೆ ಎರಡು ತಾಸು ನಿದ್ದೆ ಹತ್ತದಿರುವುದು ಒಂದು ಬಗೆ, ಹತ್ತಿದ ನಿದ್ದೆ ಎರಡು ಮೂರಕ್ಕೆ ಒಡೆಯುವುದು ಇನ್ನೊಂದು. ನಿದ್ದೆ ಒಟ್ಟು ಎಂಟು ತಾಸೇ ಇದ್ದರೂ ಅದು ಬೆಳಗಿನ ನಾಲ್ಕರಿಂದ ಮಧ್ಯಾಹ್ನದವರೆಗೆ ಜಾರಿದ್ದರೆ ಅದು ನಿದ್ದೆಗೇಡಲ್ಲ, ಹೊತ್ತುಗೇಡು. ದಿನಕ್ಕೆ ಹನ್ನೆರಡು ತಾಸು ಮಲಗಿಯೂ ಮಂಪರಿದ್ದರೆ ಗುಳಿಗೆ, ಗೊರಕೆ ಅಥವಾ ಮನಸ್ಸಿನ ಕುಗ್ಗನ್ನು ನೋಡಬೇಕು. ಈ ನಾಲ್ಕಕ್ಕೂ "ನಿದ್ದಿ ಸರಿ ಇಲ್ರಿ" ಎಂಬ ಒಂದೇ ಮಾತು ಹೇಳಿದರೆ ಡಾಕ್ಟರು ಒಂದೇ ಚೀಟಿ ಬರೆಯುತ್ತಾರೆ.

ಹೆಜ್ಜೆ 3: ಗುಳಿಗೆಯ ಹೊತ್ತು

ಇಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ, ಯಾಕೆಂದರೆ ನಾನು ಕಂಡ ಮನೆಗಳಲ್ಲಿ ಅರ್ಧ ತೊಂದರೆ ಇಲ್ಲೇ ಇರುತ್ತದೆ.

ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನು ಹರವಿ, ಹಿಂದಿನ ಸಣ್ಣ ಅಕ್ಷರ ಓದಿ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು, ಒಳಗಿನ ಔಷಧದ ಹೆಸರು ಸಣ್ಣ ಅಕ್ಷರದಲ್ಲಿರುತ್ತದೆ. ಒಲಾಂಜಪೈನ್, ಕ್ವೆಟಿಯಾಪೈನ್, ಕ್ಲೋಜಪೈನ್ ನಿದ್ದೆ ತರುವ ಗುಂಪಿನವು. ಇವನ್ನು ರಾತ್ರಿ ಊಟ, ಧಾರಾವಾಹಿ ಎಲ್ಲ ಮುಗಿದು ಹನ್ನೊಂದಕ್ಕೆ ನುಂಗಿದರೆ ಮಂಪರು ಮರುದಿನ ಹತ್ತರವರೆಗೂ ಬಿಡುವುದಿಲ್ಲ. ಆಮೇಲೆ ಮನೆಯವರು "ಸೋಮಾರಿ" ಎನ್ನುತ್ತಾರೆ. ಅದೇ ಗುಳಿಗೆಯನ್ನು ಎಂಟಕ್ಕೆ ತೆಗೆದುಕೊಳ್ಳಬಹುದೇ ಎಂದು ಡಾಕ್ಟರಿಗೆ ಕೇಳಿ. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ಬೆಳಗು ಎರಡು ತಾಸು ಮುಂಚೆ ಆಗುತ್ತದೆ, ಒಂದು ಗುಳಿಗೆಯನ್ನೂ ಬದಲಿಸದೆ.

ಅರಿಪಿಪ್ರಜೋಲ್ ಕೆಲವರಲ್ಲಿ ಎಚ್ಚರ ಹೆಚ್ಚಿಸುತ್ತದೆ, ಅಂಥವರಿಗೆ ಅದನ್ನು ಬೆಳಿಗ್ಗೆ ಕೊಡುವುದು ವಾಡಿಕೆ. ಕೈನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಕೆಲವರಿಗೆ ಉತ್ತೇಜನ ಕೊಟ್ಟು ನಿದ್ದೆ ಓಡಿಸುತ್ತದೆ. ಇದು ಬೇರೆ ಗುಳಿಗೆಯಾಗಿಯೂ ಬರುತ್ತದೆ, ರಿಸ್ಪೆರಿಡಾನ್ ಜೊತೆ ಸೇರಿ ಒಂದೇ ಗುಳಿಗೆಯಾಗಿಯೂ ಬರುತ್ತದೆ. ಸೇರಿದ್ದೇ ಆದರೆ ರಾತ್ರಿ ನುಂಗುತ್ತಿರುವುದು ಎರಡನ್ನೂ ಎಂಬುದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಹೊತ್ತು ಬದಲಿಸುವ ಮುಂಚೆ ಕೇಳಿ. ತಾವಾಗಿ ಅರ್ಧ ಮುರಿಯುವುದು, ಒಂದು ದಿನ ಬಿಡುವುದು ಬೇಡ. ಅದರಲ್ಲೂ ಕ್ಲೋಜಪೈನ್ ಎರಡು ದಿನಕ್ಕಿಂತ ಹೆಚ್ಚು ತಪ್ಪಿದರೆ ಹಳೆಯ ಪ್ರಮಾಣವನ್ನೇ ಮತ್ತೆ ನುಂಗುವಂತಿಲ್ಲ, ಮತ್ತೆ ಸಣ್ಣ ಪ್ರಮಾಣದಿಂದ ಏರಿಸಬೇಕಾಗುತ್ತದೆ. ಹಾಗಾದರೆ ಡಾಕ್ಟರಿಗೆ ಫೋನ್ ಮಾಡಿಯೇ ಮುಂದಿನದು.

ಇನ್ನು ಅಂಗಳದಲ್ಲಿ ತಿರುಗುವವರ ವಿಷಯ. ರಾತ್ರಿ ತಿರುಗಾಡಿದರೆ ರೋಗ ಏರಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಹಲೊಪೆರಿಡಾಲ್, ರಿಸ್ಪೆರಿಡಾನ್, ಅರಿಪಿಪ್ರಜೋಲ್, ತಿಂಗಳ ಸೂಜಿಯಾದ ಫ್ಲುಫೆನಜೈನ್ ಇಂಥವುಗಳಿಂದ ಮೈಯೊಳಗೆ ಒಂದು ಚಡಪಡಿಕೆ ಹುಟ್ಟುವುದುಂಟು. ವೈದ್ಯರು ಅದನ್ನು ಅಕಥಿಸಿಯಾ ಎನ್ನುತ್ತಾರೆ. ನೋಡಿದರೆ ಗೊತ್ತಾಗುತ್ತದೆ: ಕಟ್ಟೆಯ ಮೇಲೆ ಕೂತರೆ ಎರಡು ನಿಮಿಷಕ್ಕೆ ಏಳುತ್ತಾನೆ, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾನೆ, ಮಲಗಿದರೆ ಹಾಸಿಗೆ ಮುದ್ದೆಯಾಗುತ್ತದೆ, ಮತ್ತೆ ಎದ್ದು ಬಾಗಿಲಿಂದ ತುಳಸಿಕಟ್ಟೆಗೆ, ತುಳಸಿಕಟ್ಟೆಯಿಂದ ಬಾಗಿಲಿಗೆ. ಇದನ್ನು ರೋಗ ಎಂದುಕೊಂಡು ಡಾಕ್ಟರಿಗೆ ಹಾಗೇ ಹೇಳಿದರೆ ಗುಳಿಗೆಯ ಪ್ರಮಾಣ ಏರುತ್ತದೆ. ಪ್ರಮಾಣ ಏರಿದರೆ ಚಡಪಡಿಕೆಯೂ ಏರುತ್ತದೆ.

ಕೇಳಬೇಕಾದ ಪ್ರಶ್ನೆ ಸರಳ: "ಯಾಕ ತಿರಗಾಕತ್ತಿಯಪಾ? ಯಾರರೆ ಏನರೆ ಹೇಳಾಕತ್ತಾರೇನು, ಇಲ್ಲಾ ಕಾಲ ಸುಮ್ನ ಕುಂಡ್ರಗೊಡವಲ್ವೇನು?" ಎರಡನೆಯದಕ್ಕೆ ಹೌದು ಎಂದರೆ ಅದೇ ಮಾತನ್ನು ಡಾಕ್ಟರಿಗೆ ಒಪ್ಪಿಸಿ. ಪ್ರಮಾಣ ಇಳಿಸುವುದು, ಗುಳಿಗೆ ಬದಲಿಸುವುದು, ಜೊತೆಗೊಂದು ಔಷಧ ಕೊಡುವುದು, ಇದಕ್ಕೆ ದಾರಿಗಳಿವೆ. ಸೂಜಿ ಹಾಕಿಸಿಕೊಂಡ ಮೊದಲ ಕೆಲವು ದಿನ ಇದು ಹೆಚ್ಚು ಕಾಣಬಹುದು, ಕ್ಯಾಲೆಂಡರಿನಲ್ಲಿ ಸೂಜಿಯ ತಾರೀಖು ಬರೆಯಿರಿ ಎಂದದ್ದು ಅದಕ್ಕೇ. ಇದನ್ನು ಹಗುರಾಗಿ ನೋಡಬೇಡಿ. ಈ ಚಡಪಡಿಕೆ ತಾಳಲಾರದೆ ಜೀವ ಬೇಡವೆನಿಸುವವರೂ ಇದ್ದಾರೆ.

ಮಲಗಿದಾಗ ಮಾತ್ರ ಮೀನಖಂಡದಲ್ಲಿ ಇರುವೆ ಹರಿದಂತಾಗಿ ಕಾಲು ಅಲ್ಲಾಡಿಸಬೇಕೆನಿಸಿದರೆ ಅದು ಬೇರೆ ತೊಂದರೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ, ಮುಟ್ಟಿನ ರಕ್ತಸ್ರಾವ ಹೆಚ್ಚಿರುವ ಹೆಣ್ಣುಮಕ್ಕಳಲ್ಲಿ ಇದು ಕಾಣುತ್ತದೆ. ರಕ್ತ ಪರೀಕ್ಷೆ ಮಾಡಿಸಿ.

ಕ್ಲೋಜಪೈನಿಂದ ರಾತ್ರಿ ಜೊಲ್ಲು ಸುರಿದು ದಿಂಬು ತೊಯ್ಯುತ್ತದೆ, ಕೆಲವರಿಗೆ ಹಾಸಿಗೆಯಲ್ಲೇ ಮೂತ್ರವೂ ಆಗುತ್ತದೆ. ಮೂವತ್ತು ವರ್ಷದ ಗಂಡಸು ಇದನ್ನು ಅವ್ವನ ಮುಂದೆ ಹೇಳಲು ನಾಚಿ ಗುಳಿಗೆಯನ್ನೇ ಬಿಟ್ಟುಬಿಡುತ್ತಾನೆ. ದಿಂಬಿನ ಮೇಲೊಂದು ಟವೆಲ್ ಹಾಸಿ, ತಲೆ ಎತ್ತರಿಸಿ, ಮಗ್ಗುಲಾಗಿ ಮಲಗಿಸಿ, ಮಲಗುವ ಮುಂಚೆ ಬಚ್ಚಲಿಗೆ ಕಳಿಸಿ. ಡಾಕ್ಟರಿಗೆ ನೀವೇ ಮೊದಲು ಮಾತು ತೆಗೆಯಿರಿ.

ಹೆಜ್ಜೆ 4: ಚಹಾ, ಬೀಡಿ, ಗುಟ್ಕಾ, ಸೆರೆ

ಚಹಾ ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಮಧ್ಯಾಹ್ನ ಮೂರರ ಮೇಲೆ ಬೇಡ ಎನ್ನುವಷ್ಟಕ್ಕೆ ಒಪ್ಪಿಸಿ. ಸಂಜೆ ಓಣಿಯವರೆಲ್ಲ ಕುಡಿಯುವಾಗ ಅವನಿಗೆ ಬಿಸಿ ಹಾಲೋ ಕಷಾಯವೋ ಕೊಡಿ, ಬರಿಗೈಯಲ್ಲಿ ಕೂರಿಸಬೇಡಿ.

ಬೀಡಿಯ ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ಬೀಡಿ, ಸಿಗರೇಟಿನ ಹೊಗೆ ಪಿತ್ತಜನಕಾಂಗ ಕ್ಲೋಜಪೈನ್ ಮತ್ತು ಒಲಾಂಜಪೈನನ್ನು ಬೇಗ ಕರಗಿಸಿ ಹಾಕುವಂತೆ ಮಾಡುತ್ತದೆ, ಅಂದರೆ ನುಂಗಿದ ಗುಳಿಗೆಯ ಬಲ ಕಡಿಮೆಯಾಗುತ್ತದೆ. ಹಠಾತ್ತನೆ ಬೀಡಿ ಬಿಟ್ಟರೆ ಉಲ್ಟಾ: ಅದೇ ಗುಳಿಗೆ ರಕ್ತದಲ್ಲಿ ಏರಿ ವಿಪರೀತ ಮಂಪರು, ಕ್ಲೋಜಪೈನ್ ಆದರೆ ಫಿಟ್ಸ್ ತನಕ ಹೋಗಬಹುದು. ಬಿಡುವುದು ಒಳ್ಳೆಯದೇ, ಆದರೆ ಡಾಕ್ಟರಿಗೆ ತಿಳಿಸಿ ಬಿಡಬೇಕು. ಗುಟ್ಕಾ, ತಂಬಾಕು ಸುಣ್ಣಕ್ಕೆ ಹೊಗೆಯ ಈ ಗುಣವಿಲ್ಲ. ಆದರೆ ನಿಕೋಟಿನ್ ಎಚ್ಚರ ತರುವಂಥದು, ಬಾಯಲ್ಲಿಟ್ಟುಕೊಂಡೇ ಹಾಸಿಗೆಗೆ ಹೋದವರಿಗೆ ನಿದ್ದೆ ಹೇಗೆ ಹತ್ತೀತು?

ಸೆರೆ ಕುಡಿದರೆ ಬೇಗ ನಿದ್ದೆ ಬಂದಂತೆ ಅನಿಸಿ ಎರಡು ಮೂರಕ್ಕೆ ಒಡೆಯುತ್ತದೆ. ಗುಳಿಗೆಯ ಜೊತೆ ಸೇರಿದರೆ ಉಸಿರಿಗೇ ಅಪಾಯ.

ಹೆಜ್ಜೆ 5: ಏಳುವ ಹೊತ್ತನ್ನು ಹಿಡಿಯಿರಿ

"ಮಲಕ್ಕೋ, ಹತ್ತಾತು" ಎಂದು ಯಾರಿಗೂ ನಿದ್ದೆ ಹತ್ತಿಸಲಾಗದು. ಎಬ್ಬಿಸುವುದು ಮಾತ್ರ ಸಾಧ್ಯ. ಮೈಯೊಳಗಿನ ಗಡಿಯಾರ ತಿದ್ದಿಕೊಳ್ಳುವುದು ಬೆಳಗಿನ ಬೆಳಕಿನಿಂದ. ಸ್ಕಿಜೋಫ್ರೇನಿಯಾ ಇರುವ ಬಹಳ ಜನರಲ್ಲಿ ಆ ಗಡಿಯಾರ ಹಿಂದೆ ಬಿದ್ದಿರುತ್ತದೆ ಅಥವಾ ದಿನಕ್ಕೊಂದು ಹೊತ್ತು ತೋರಿಸುತ್ತದೆ. ಹಗಲೆಲ್ಲ ಕತ್ತಲ ಕೋಣೆಯಲ್ಲಿ ಮಲಗಿದರೆ ಅದಕ್ಕೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ. ಬೆಳಕಿಂಡಿಯೊಂದೇ ಇರುವ ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಧ್ಯಾಹ್ನವೂ ಒಳಗೆ ಸಂಜೆಯೇ.

ಈಗ ಹನ್ನೊಂದಕ್ಕೆ ಏಳುತ್ತಿದ್ದರೆ ನಾಳೆಯೇ ಆರಕ್ಕೆ ಎಬ್ಬಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಅರ್ಧ ತಾಸು ಹಿಂದೆ ತನ್ನಿ: ಹತ್ತೂವರೆ, ಹತ್ತು, ಒಂಬತ್ತೂವರೆ. ಏಳೂವರೆ ಎಂಟಕ್ಕೆ ಬಂದರೆ ಸಾಕು, ಎಲ್ಲರೂ ಕೋಳಿ ಕೂಗಿಗೆ ಏಳಬೇಕೆಂದೇನಿಲ್ಲ. ರಾತ್ರಿ ಎಷ್ಟೇ ತಡವಾಗಿ ಮಲಗಿರಲಿ, ಏಳುವ ಹೊತ್ತು ಅದೇ, ಅಮಾವಾಸ್ಯೆಗೂ ಭಾನುವಾರಕ್ಕೂ. ಎದ್ದ ಕೂಡಲೇ ಹೊರಗಿನ ಕಟ್ಟೆಗೆ ಕರೆತನ್ನಿ, ಬೆಳಗಿನ ಚಹಾ ಅಲ್ಲೇ. ಇಪ್ಪತ್ತು ಮೂವತ್ತು ನಿಮಿಷ ಬೆಳಕಿನಲ್ಲಿರಲಿ. ನೀರು ಎರಚುವುದು, ಹೊದಿಕೆ ಎಳೆಯುವುದು, "ಮಂದಿ ಮಕ್ಕಳು ದುಡ್ಯಾಕ ಹೋದ್ರು" ಎನ್ನುವುದು ಎರಡು ದಿನ ನಡೆದು ಮೂರನೇ ದಿನ ಜಗಳವಾಗುತ್ತದೆ. ಮನೆಯ ಬೈಗುಳ, ಕಿರಿಕಿರಿ ಹೆಚ್ಚಿದಷ್ಟೂ ಕಾಯಿಲೆ ಮರುಕಳಿಸುವುದು ಹೆಚ್ಚು ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ಏಳಲು ಒಂದು ಕಾರಣ ಬೇಕು. ಮುಧೋಳ ಕಡೆಯ ಒಂದು ಮನೆಯಲ್ಲಿ ತಾಯಿ ಮಗನ ಕೈಗೆ ಡೇರಿಗೆ ಹಾಲು ಹಾಕುವ ಕ್ಯಾನ್ ಕೊಟ್ಟಳು. ಡೇರಿ ಯಾರಿಗೂ ಕಾಯುವುದಿಲ್ಲ, ಹೊತ್ತು ಮೀರಿದರೆ ಹಾಲು ತಗೊಳ್ಳುವುದಿಲ್ಲ. ಮೊದಲ ವಾರ ತಾಯಿಯೂ ಜೊತೆಗೆ ನಡೆದಳು. ಆಮೇಲೆ ಅವನೊಬ್ಬನೇ ಹೋಗಿ, ಲೀಟರ್, ಫ್ಯಾಟ್ ಎಷ್ಟು ಎಂದು ಅಚ್ಚಾದ ಚೀಟಿಯನ್ನು ತಂದು ದೇವರ ಜಗಲಿಯ ಮೊಳೆಗೆ ಸಿಕ್ಕಿಸುತ್ತಿದ್ದ. ಎಂಟು ಗಂಟೆಯ ಎಳೆಬಿಸಿಲು, ಒಂದಿಷ್ಟು ನಡಿಗೆ, "ಬಂದೇನ ತಮ್ಮಾ" ಎನ್ನುವ ನಾಲ್ಕು ಜನ, ಎಲ್ಲ ಒಂದೇ ಕೆಲಸದಲ್ಲಿ ಸಿಕ್ಕಿತು. ನಿಮ್ಮ ಮನೆಯಲ್ಲಿ ಅದು ಆಡಿಗೆ ಮೇವು ಹಾಕುವುದಿರಬಹುದು, ಮಕ್ಕಳನ್ನು ಶಾಲೆಗೆ ಬಿಡುವುದಿರಬಹುದು, ಗುಳೇದಗುಡ್ಡ, ಇಳಕಲ್ ಕಡೆಯಾದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದಿರಬಹುದು. ಬೇರೊಬ್ಬರು ಕಾಯುವ ಕೆಲಸವಾಗಿರಬೇಕು, ಅಷ್ಟೇ.

ಹಗಲು ನಿದ್ದೆ ಪೂರ್ತಿ ಬಿಡಿಸಬೇಕಿಲ್ಲ. ವಿಜಯಪುರದ ಏಪ್ರಿಲ್, ಮೇ ಬಿಸಿಲಿನಲ್ಲಿ ಮಧ್ಯಾಹ್ನ ಊರೇ ಅಡ್ಡಾಗುತ್ತದೆ. ಅರ್ಧ ತಾಸು, ಮೂರರೊಳಗೆ, ಅಷ್ಟಕ್ಕೆ ನಿಲ್ಲಿಸಿ.

ಒಂದು ಎಚ್ಚರಿಕೆ. ನಿದ್ದೆಗೇಡಿಗೆ ಇಂಟರ್‌ನೆಟ್ಟಿನಲ್ಲಿ ಹೇಳುವ ಒಂದು ಚಿಕಿತ್ಸೆ, ಬೇಕೆಂದೇ ಕೆಲವು ವಾರ ಐದು ತಾಸಷ್ಟೇ ಮಲಗಿಸುವುದು. ಸ್ಕಿಜೋಫ್ರೇನಿಯಾ ಇರುವವರಿಗೆ ಅದನ್ನು ಮನೆಯಲ್ಲಿ ಮಾಡಬೇಡಿ, ನಿದ್ದೆ ತೀರಾ ಕಡಿಮೆಯಾದರೆ ದನಿ, ಸಂಶಯ ಹೆಚ್ಚಬಹುದು. ಹೊತ್ತು ಹಿಡಿಯುವುದು, ಹಗಲಿಗೆ ಕೆಲಸ, ಹಾಸಿಗೆಯ ಅಭ್ಯಾಸ, ಇಂಥವನ್ನೇ ಕಾಯಿಲೆಗೆ ತಕ್ಕಂತೆ ಹೊಂದಿಸಿ ಆಕ್ಸ್‌ಫರ್ಡಿನಲ್ಲಿ ದನಿ, ಭ್ರಮೆ ಬಿಡದೆ ಕಾಡುತ್ತಿದ್ದ 50 ಜನರ ಮೇಲೆ ಪ್ರಯೋಗ ಮಾಡಿದರು, 2015ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿದ್ದೆ ಚೆನ್ನಾಗಿಯೇ ಸುಧಾರಿಸಿತ್ತು. ದನಿಗಳು ಇರುವಾಗಲೂ ನಿದ್ದೆ ಸರಿಪಡಿಸಬಹುದು ಎಂಬುದು ನಮಗೆ ಬೇಕಾದ ಸುದ್ದಿ.

ಹೆಜ್ಜೆ 6: ರಾತ್ರಿ, ಅಂಜಿಕೆ, ದನಿಗಳು

ಹಗಲಿನ ಗದ್ದಲದಲ್ಲಿ ಮುಳುಗಿದ್ದ ದನಿಗಳು ರಾತ್ರಿಯ ಮೌನದಲ್ಲಿ ಮೇಲೆ ಬರುತ್ತವೆ. ರಬಕವಿ-ಬನಹಟ್ಟಿಯಲ್ಲಿ ಪಾವರ್‌ಲೂಮ್ ಸದ್ದಿಗೆ ನಿದ್ದೆ ಬರುವುದಿಲ್ಲ ಎನ್ನುವವರಿದ್ದಾರೆ, ಕರೆಂಟ್ ಹೋಗಿ ಮಗ್ಗ ನಿಂತಾಗ ಎದ್ದು ಕೂರುವವರೂ ಇದ್ದಾರೆ. ಎರಡನೆಯವರಿಗೆ ಪೂರ್ತಿ ಮೌನ ಒಗ್ಗುವುದಿಲ್ಲ. ಫ್ಯಾನಿನ ಸದ್ದು, ಸಣ್ಣಗೆ ಹಚ್ಚಿದ ರೇಡಿಯೊ, ಒಂದೇ ಕಿವಿಗೆ ಇಯರ್‌ಫೋನ್ ಇಟ್ಟು ವಚನವೋ ತತ್ವಪದವೋ ಕೇಳುವುದು ಸಹಾಯ ಮಾಡುತ್ತದೆ. ಮೊಬೈಲನ್ನು ಮಾತ್ರ ಕೈಗೆ ಕೊಡದೆ ದೂರ ಇಡಿ, ಹಾಡಿಗೆಂದು ತೆಗೆದದ್ದು ರೀಲ್ಸಿಗೆ ಹೋಗಿ ಎರಡು ಗಂಟೆಗೆ ಮುಟ್ಟುತ್ತದೆ.

ನಡುರಾತ್ರಿ ಎದ್ದು "ಯಾರೋ ಹಿತ್ತಲದಾಗ ನಿಂತು ಮಾತಾಡಾಕತ್ತಾರ" ಎಂದಾಗ ಮನೆಯವರು ಸಾಮಾನ್ಯವಾಗಿ ಹೇಳುವುದು: "ಯಾರೂ ಇಲ್ಲ, ಸುಮ್ನ ಮಲ್ಕೋ." ಅವನಿಗೆ ಕೇಳಿಸುತ್ತಿರುವುದು ಸುಳ್ಳು ಎಂದಂತಾಗುತ್ತದೆ, ವಾದ ಬೆಳೆಯುತ್ತದೆ, ಇಬ್ಬರ ನಿದ್ದೆಯೂ ಹೋಗುತ್ತದೆ. ಹೌದು ಹೌದು ಎಂದು ಕೋಲು ಹಿಡಿದು ಹಿತ್ತಲಿಗೆ ಹೋಗುವುದೂ ಬೇಡ. ನಡುವೆ ಒಂದು ದಾರಿ ಇದೆ: "ನನಗ ಕೇಳಸವಲ್ತಪಾ. ಆದ್ರ ನಿನಗ ಕೇಳಸಾಕತ್ತೈತಿ ಅಂದ್ರ ಅಂಜಿಕಿ ಬರೂದ. ಬಾ, ಇಲ್ಲೇ ಕುಂಡ್ರು, ನೀರ ಕುಡಿ." ಆಮೇಲೆ ಮಾತು ಬೇರೆ ಕಡೆಗೆ. ಮೆಲ್ಲಗೆ ಗುನುಗುವುದು, ನೂರರಿಂದ ಹಿಂದಕ್ಕೆ ಎಣಿಸುವುದು, ಪೇಪರಿನ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುವುದು, ಇದರಲ್ಲಿ ಅವನಿಗೆ ಒಗ್ಗುವುದನ್ನು ಹಗಲಿನಲ್ಲೇ ಹುಡುಕಿಟ್ಟುಕೊಳ್ಳಿ.

ಹಾಸಿಗೆಯಲ್ಲಿ ಹೊರಳಾಡುತ್ತ ಇಪ್ಪತ್ತು ನಿಮಿಷದ ಮೇಲಾಯಿತು ಅನಿಸಿದರೆ (ಗಡಿಯಾರ ನೋಡುವುದು ಬೇಡ, ಅಂದಾಜು ಸಾಕು) ಎದ್ದು ಪಡಸಾಲೆಯಲ್ಲಿ ಕೂರಲಿ, ದೊಡ್ಡ ಲೈಟು ಹಾಕದೆ. ಕಣ್ಣು ಎಳೆಯತೊಡಗಿದಾಗ ಮತ್ತೆ ಹಾಸಿಗೆಗೆ. ಹಗಲಿನಲ್ಲಿ ಆ ಹಾಸಿಗೆಯನ್ನು ಸುತ್ತಿಟ್ಟುಬಿಡಿ. ನಮ್ಮಲ್ಲಿ ಹಾಸಿಗೆ ಸುತ್ತಿಡುವ ರೂಢಿ ಇದ್ದೇ ಇದೆ, ಮಂಚ ಬಂದ ಮನೆಗಳಲ್ಲಿ ಅದು ತಪ್ಪಿದೆ.

ಮಾಟ, ಗಾಳಿ ಎಂಬ ಅಂಜಿಕೆ ಇದ್ದರೆ ಸಂಜೆ ಆರರ ಸುಮಾರಿಗೆ ಹದಿನೈದು ನಿಮಿಷ ಅದರ ಬಗ್ಗೆ ಮಾತಾಡಲು ಬಿಡಿ, ಹಾಸಿಗೆಗೆ ಹೋದ ಮೇಲೆ ಆ ಮಾತು ನಾಳೆ ಸಂಜೆಗೆ. ಯಲ್ಲಮ್ಮನ ಗುಡ್ಡಕ್ಕೋ ದರ್ಗಾಕ್ಕೋ ಹೋಗಿ ಬಂದರೆ ಮನೆಯವರಿಗೆ ನೆಮ್ಮದಿ ಎಂದಾದರೆ ಹೋಗಿ ಬನ್ನಿ, ನಾನು ಅಡ್ಡ ಬರುವುದಿಲ್ಲ. ಗುಳಿಗೆಯ ಡಬ್ಬಿ ಚೀಲದಲ್ಲಿರಲಿ. "ಗುಳಿಗಿ ಬಿಟ್ಟು ಇದನ್ನ ಕಟ್ಟು" ಎನ್ನುವವರ ಮಾತು ಕೇಳಬೇಡಿ.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ಒಂದು ಮಾತು. ಈ ಗುಳಿಗೆಗಳಿಂದ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣಿಗೆ ಕತ್ತಲೆ ಬರುವುದುಂಟು. ಕೈಪಿಡಿ ಗೋಡೆ ಇಲ್ಲದ ಮಾಳಿಗೆ, ನಿಚ್ಚಣಿಕೆ, ಮಂಪರು, ಈ ಮೂರೂ ಕೂಡಬಾರದು. ಅಂಗಳದಲ್ಲಿ ಸೊಳ್ಳೆಪರದೆ ಕಟ್ಟಿಕೊಡಿ. ಈ ಗುಳಿಗೆಗಳು ಮೈ ತಂಪು ಮಾಡಿಕೊಳ್ಳುವ ಶಕ್ತಿಯನ್ನೂ ತಗ್ಗಿಸುತ್ತವೆ, ಉರಿಬಿಸಿಲಿನ ಕೆಲಸ ತಪ್ಪಿಸಿ.

ಹೆಜ್ಜೆ 7: ಗೊರಕೆ

ಗುಳಿಗೆ ಶುರುವಾದ ಮೇಲೆ ತೂಕ ಏರಿ, ಜೋರು ಗೊರಕೆ ನಡುವೆ ಉಸಿರು ನಿಂತಂತಾಗಿ ಮತ್ತೆ ಏದುಸಿರು ಬಿಟ್ಟರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಹತ್ತು ತಾಸು ಮಲಗಿಯೂ ತಲೆ ಭಾರ. ಒಂದು ನಿಮಿಷದ ರೆಕಾರ್ಡಿಂಗ್ ಮಾಡಿ ಡಾಕ್ಟರಿಗೆ ಕೇಳಿಸಿ. ಇಂಥವರಿಗೆ ನಿದ್ದೆ ಗುಳಿಗೆ ಉಸಿರನ್ನು ಇನ್ನಷ್ಟು ಕೆಡಿಸಬಹುದು. ಸಕ್ಕರೆ, ಬಿಪಿ ಕೂಡ ಆಗಲೇ ನೋಡಿಸಿ.

ಹೆಜ್ಜೆ 8: ನಮ್ಮ ಕಡೆಯ ರಾತ್ರಿಗಳು

ವರ್ಷದಲ್ಲಿ ಕೆಲವು ದಿನ ನಿದ್ದೆ ಕೆಟ್ಟೇ ಕೆಡುತ್ತದೆ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳು ಬೆಳಗಿನ ಜಾವದವರೆಗೆ ನಡೆಯುತ್ತವೆ. ಹೋಗಬೇಡ ಎನ್ನಬೇಡಿ, ಮೊದಲ ಆಟ ನೋಡಿ ಬರಲಿ, ಗುಳಿಗೆ ಹೊತ್ತಿಗೆ ಸರಿಯಾಗಿ ಆಗಲಿ. ಒಂದು ರಾತ್ರಿ ಕೆಟ್ಟರೆ ನಡೆಯುತ್ತದೆ, ಸಾಲಾಗಿ ಮೂರು ಕೆಡಬಾರದು.

ರಮಜಾನ್ ತಿಂಗಳಲ್ಲಿ ಸಹರಿ, ಇಫ್ತಾರಿನಿಂದ ಊಟ, ನಿದ್ದೆ, ಗುಳಿಗೆ ಮೂರರ ಹೊತ್ತೂ ಬದಲಾಗುತ್ತದೆ. ತಿಂಗಳು ಹುಟ್ಟುವ ಎರಡು ವಾರ ಮುಂಚೆಯೇ ಡಾಕ್ಟರ ಹತ್ತಿರ ಹೊತ್ತು ಬರೆಸಿಕೊಳ್ಳಿ. ಕಾಯಿಲೆ ಇದ್ದವರಿಗೆ ರೋಜಾದಿಂದ ವಿನಾಯಿತಿ ಇದೆ, ಮನೆಯ ಹಿರಿಯರು, ಮೌಲ್ವಿ ಸಾಹೇಬರ ಬಾಯಿಂದ ಅದು ಬಂದರೆ ಅವನ ಮನಸ್ಸೂ ಹಗುರ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಕಾಲಕ್ಕೆ ರಾತ್ರಿ ಪಾಳಿ, ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಹೊಲಕ್ಕೆ ನೀರು ಹಾಯಿಸುವುದು, ಇವೆರಡನ್ನೂ ಆದಷ್ಟು ತಪ್ಪಿಸಿ. ಹಗಲು ಪಾಳಿಯೊಂದನ್ನೇ ಕೊಡಿ ಎಂದು ಕೇಳಲು ಡಾಕ್ಟರ ಪತ್ರ ಸಹಾಯಕ್ಕೆ ಬರುತ್ತದೆ. ಮಂಪರು ಇರುವ ಬೆಳಗು ಟ್ರ್ಯಾಕ್ಟರ್, ಬೈಕು ಮುಟ್ಟಿಸಬೇಡಿ.

ಹೆಜ್ಜೆ 9: ಅವ್ವನ ನಿದ್ದೆ

ಮಗ ಎದ್ದ ಸಪ್ಪಳಕ್ಕೇ ಎಚ್ಚರಾಗುವ ತಾಯಿ ವರ್ಷಗಟ್ಟಲೆ ಅರೆನಿದ್ದೆಯಲ್ಲಿರುತ್ತಾಳೆ. ಅವಳಿಗೆ ಬಿಪಿ ಬಂದ ಮೇಲೆಯೇ ಮನೆಯವರಿಗೆ ಅರಿವಾಗುವುದು. ವಾರದಲ್ಲಿ ಎರಡು ರಾತ್ರಿಯಾದರೂ ಅಣ್ಣನೋ ಕಾಕನೋ ಹತ್ತಿರ ಮಲಗಲಿ, ಅವಳು ಬೇರೆ ಕೋಣೆಯಲ್ಲಿ, ಬೇಕಾದರೆ ತಂಗಿಯ ಮನೆಯಲ್ಲಿ ಮಲಗಲಿ. "ನಾ ಇಲ್ಲಂದ್ರ ಅವನು ಮಲಗಂಗಿಲ್ಲ" ಎನ್ನುತ್ತಾಳೆ, ಒಂದೆರಡು ರಾತ್ರಿ ಅದು ನಿಜವೂ ಆಗುತ್ತದೆ. ಬಿಡಬೇಡಿ.

ಹೆಜ್ಜೆ 10: ಡಾಕ್ಟರ ಮುಂದೆ ಐದು ನಿಮಿಷ

ಬಾಗಲಕೋಟೆ, ವಿಜಯಪುರದ ಜಿಲ್ಲಾ ಆಸ್ಪತ್ರೆ, ಬೆಳಗಾವಿಯ ಬಿಮ್ಸ್ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೊರಡುವ ಮುಂಚೆ ಆ ವಾರ ಬರುತ್ತಾರೆಯೇ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿಸಿಕೊಳ್ಳಿ. ಇಲ್ಲಿ ಬಗೆಹರಿಯದ್ದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ರಾತ್ರಿ ಎರಡಕ್ಕೆ ಏನು ಮಾಡಬೇಕು ತೋಚದಿದ್ದರೆ 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಈ ಉಚಿತ ಸಹಾಯವಾಣಿ ದಿನದ ಇಪ್ಪತ್ನಾಲ್ಕು ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಸಾಲಿನಲ್ಲಿ ಮೂರು ತಾಸು ನಿಂತರೂ ಒಳಗೆ ಸಿಗುವುದು ಐದು ನಿಮಿಷ. ಕ್ಯಾಲೆಂಡರಿನ ಹಾಳೆಯ ಫೋಟೊ, ಎಲ್ಲ ಸ್ಟ್ರಿಪ್, ಬೇರೆ ಡಾಕ್ಟರು ನೆಗಡಿ, ತುರಿಕೆಗೆ ಕೊಟ್ಟ ಗುಳಿಗೆಗಳು ಸಹಿತ (ಅವುಗಳಲ್ಲೂ ಮಂಪರು ತರುವವು ಇವೆ), ಚೀಲದಲ್ಲಿರಲಿ. ಮೊದಲ ಮಾತು ಕಾಯಿಲೆ ಇರುವವರದೇ ಆಗಲಿ. ಆಮೇಲೆ ನೀವು: "ಸರ, ಗುಳಿಗಿ ಹನ್ನೊಂದಕ್ಕ ತಗೋತಾನ, ನಿದ್ದಿ ಒಂದಕ್ಕ ಹತ್ತತೈತಿ, ಹನ್ನೊಂದಕ್ಕ ಏಳ್ತಾನ, ಕಾಲ ಚಡಪಡಸ್ತಾವು ಅಂತಾನ, ದಿನಾ ಒಂದ ಕಟ್ಟ ಬೀಡಿ ಸೇದ್ತಾನ." ಇಷ್ಟು ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಇಷ್ಟಾದ ಮೇಲೂ ಅವರು ನಿದ್ದೆ ಗುಳಿಗೆ ಬರೆದರೆ ಮೂರು ಪ್ರಶ್ನೆ ಕೇಳಿ: ಎಷ್ಟು ದಿನ? ನಿಲ್ಲಿಸುವುದು ಹೇಗೆ, ಒಮ್ಮೆಗೇನಾ, ಸ್ವಲ್ಪ ಸ್ವಲ್ಪ ಇಳಿಸುತ್ತ ಹೋಗಬೇಕಾ? ಗೊರಕೆ ಇದೆ, ಕುಡಿಯುತ್ತಾನೆ, ಆದರೂ ನಡೆಯುತ್ತದಾ? ಕ್ಲೋನಜೆಪಾಮ್, ಅಲ್ಪ್ರಜೋಲಾಮ್‌ನಂಥ ನಿದ್ದೆ ಗುಳಿಗೆಗಳು ಕೆಲವು ವಾರಗಳಲ್ಲೇ ಚಟವಾಗಬಹುದು, ಒಮ್ಮೆಗೇ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ. ಚೀಟಿಯ ಮೇಲೆ ದಿನ ಬರೆಸಿಕೊಳ್ಳಿ, ಹಳೆಯ ಚೀಟಿ ಹಿಡಿದು ಮೆಡಿಕಲ್ ಅಂಗಡಿಯಿಂದ ಮತ್ತೆ ತರಬೇಡಿ. ಗುಳಿಗೆಯ ಹೊತ್ತೋ ಪ್ರಮಾಣವೋ ಬದಲಾಗಿದ್ದರೆ ಅಂದಿನ ಚೌಕಕ್ಕೆ ಕೆಂಪು ಸುತ್ತು ಹಾಕಿ, ಅಲ್ಲಿಂದ ಮತ್ತೆರಡು ವಾರ ಬರೆಯಿರಿ.